ಡನಿಚ್: ಕಡಲು ಕೊಂಡ ಊರಿನ ಚರಿತ್ರೆಗೆ ಆಧಾರಗಳು

೧

ಎರಡು ವರ್ಷಗಳ ಕೆಳಗೆ ಒಂದು ವಿದ್ವತ್ಸಭೆಯಲ್ಲಿ ಸಮುದ್ರಕ್ಕೆ ಆಹುತಿಯಾದ ಪಟ್ಟಣಗಳ ವಿಷಯವಾಗಿ ಮಾತನಾಡುತ್ತ, ಇಂಗ್ಲೆಂಡಿನ ಪೂರ್ವತೀರದ ಡನಿಚ್ ಎಂಬ ಊರಿನಲ್ಲಿ ಒಂದು ಕಾಲಕ್ಕೆ ೫೨ ಚರ್ಚುಗಳಿದ್ದುವೆಂದೂ ಅವೆಲ್ಲವೂ ಕಡಲಿನ ಪಾಲಾದುವೆಂದೂ ನಾನು ಹೇಳಿದೆನು. ಸಭೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿಯು ಬಳಿಗೆ ಬಂದು, “ಪಂಡಿತರೆ, ಐವತ್ತೆರಡೆಂಬುದಕ್ಕೆ ಪ್ರಮಾಣವೇನು? ಎಣಿಸಿದವರು ಯಾರು?” ಎಂದು ವಿನಯದಿಂದಲೇ ಕೇಳಿದನು. ನಾನು ಓದಿದ್ದ ಪುಸ್ತಕದ ಹೆಸರನ್ನು ಹೇಳಿದೆನು. “ಆ ಗ್ರಂಥಕರ್ತರಿಗೆ ಯಾರು ಹೇಳಿದರು?” ಎಂದು ಅವನು ಮರಳಿ ಕೇಳಿದನು. ಆಗ ನನಗೆ ಉತ್ತರವು ತೋರಲಿಲ್ಲ. ಮೂವತ್ತು ವರ್ಷ ತರ್ಕವನ್ನು ಪಾಠ ಹೇಳಿದವನು ಪ್ರಮಾಣವನ್ನು ವಿಚಾರಿಸದೆ ಸಭೆಯಲ್ಲಿ ಮಾತನ್ನಾಡಿದೆನಲ್ಲಾ ಎಂಬ ಸಂಕೋಚವು ಅಂದಿನಿಂದ ನನ್ನನ್ನು ಬಿಡಲಿಲ್ಲ.

ಆ ಊರನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ಅದರ ದಾಖಲೆಗಳಲ್ಲಿ ಮುಖ್ಯವಾದ ಹಲವು ಅಚ್ಚಾಗಿವೆ. ಅವುಗಳ ಮೇಲೆ ವಿದ್ವಾಂಸರು ನಡೆಸಿದ ವಿಚಾರಣೆಯೂ ದೊರೆಯುತ್ತದೆ. ಇವುಗಳನ್ನು ಸಾವಕಾಶವಾಗಿ ಓದಿದ ಬಳಿಕ, ಆ ವಿದ್ಯಾರ್ಥಿಗೆ ಅಂದು ಕೊಡಲಾರದ ಉತ್ತರವನ್ನು ಇಲ್ಲಿ ಕೊಡಲು ತೊಡಗಿದ್ದೇನೆ. ನೆಲವೇ ಇಲ್ಲವಾದ ಒಂದು ಸಣ್ಣ ಊರಿನ ಚರಿತ್ರೆಯು ಯಾವ ಯಾವ ಆಧಾರಗಳಿಂದ ತಿಳಿಯಬರುತ್ತದೆ, ಅವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಈ ಲೇಖನದ ವಿಷಯ.

೨

ಡನಿಚ್ ಇರುವುದು ಸಫೋಕ್ ಪ್ರಾಂತದ ಕರಾವಳಿಯಲ್ಲಿ. ಅದರ ಉತ್ತರಕ್ಕೆ ಸೌತ್‌ವೋಲ್ಡ್, ದಕ್ಷಿಣಕ್ಕೆ ಆಲ್ಡ್‌ಬರೊ. ಇಂಗ್ಲಿಷರು ಈ ಹೆಸರನ್ನು ಬರೆಯುವಾಗ ನಡುವೆ ವಕಾರವುಂಟು. ಉಚ್ಚಾರಣೆಯಲ್ಲಿ ಅದು ಲೋಪವಾಗುತ್ತದೆ. ಇಂದು ಅದು ಇನ್ನೂರು ಜನರನ್ನೂ ಮೀರದ ಒಂದು ಪ್ಯಾರಿಷ್. ಪ್ಯಾರಿಷ್ ಎಂದರೆ ಒಂದು ಚರ್ಚಿಗೂ ಅದರ ಪಾದ್ರಿಗೂ ಒಳಪಟ್ಟ ಊರುಕೇರಿಗಳ ವಲಯ. ಕಾಲಕ್ರಮದಲ್ಲಿ ಬಡವರ ಪೋಷಣೆ, ದಾರಿಗಳ ದುರಸ್ತಿ ಮೊದಲಾದ ಲೌಕಿಕ ಕಾರ್ಯಗಳೂ ಅದಕ್ಕೆ ಸೇರಿದುದರಿಂದ, ಇಂಗ್ಲೆಂಡಿನಲ್ಲಿ ಗ್ರಾಮಚರಿತ್ರೆಯೆಂದರೆ ಬಹುಮಟ್ಟಿಗೆ ಪ್ಯಾರಿಷಿನ ಚರಿತ್ರೆಯೇ ಆಗಿದೆ.

ಈ ಸಣ್ಣ ಊರು ಹದಿಮೂರನೆಯ ಶತಮಾನದಲ್ಲಿ ಆ ತೀರದ ಹೆಸರಾಂತ ಬಂದರುಗಳಲ್ಲಿ ಒಂದಾಗಿದ್ದಿತು. ಅದರ ಏಳಿಗೆಗೂ ನಾಶಕ್ಕೂ ಕಾರಣವು ಒಂದೇ. ಅಲ್ಲಿಯ ದಂಡೆಯು ಬಂಡೆಯದಲ್ಲ. ಮರಳೂ ನೊರಜುಗಲ್ಲೂ ಕೂಡಿದ ಸಡಿಲವಾದ ದಿಬ್ಬ. ಅಲೆಗಳು ಅದರ ಬುಡವನ್ನು ಕೊರೆದರೆ ಮೇಲಿನ ಭಾಗವು ಕುಸಿಯುತ್ತದೆ. ಕುಸಿದುದನ್ನು ನೀರು ದಡದುದ್ದಕ್ಕೂ ಎಳೆದೊಯ್ಯುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಹಾಗೆ ಸಾಗಿಬಂದ ಕಲ್ಲುಗಳು ಹೊಳೆಯ ಮುಖದಲ್ಲಿ ನಾಲಗೆಯಂತೆ ಚಾಚಿಕೊಂಡಿದ್ದುವು. ಬ್ಲೈದ್ ಹೊಳೆಯೂ ಡನಿಚ್ ಹೊಳೆಯೂ ಆ ದಿಣ್ಣೆಯ ಹಿಂದೆ ಹರಿದು ಊರಿನ ಬಳಿಯಲ್ಲಿ ಕಡಲನ್ನು ಸೇರುತ್ತಿದ್ದುದರಿಂದ, ಹಡಗುಗಳಿಗೆ ಗಾಳಿ ತಾಕದ ರೇವು ದೊರೆತಿದ್ದಿತು. ೧೩೨೮ನೆಯ ಇಸವಿಯ ಜನವರಿ ೧೪ರ ಬಿರುಗಾಳಿಯಲ್ಲಿ ಅದೇ ಕಲ್ಲಿನ ರಾಶಿಯು ರೇವಿನ ಬಾಯನ್ನು ಮುಚ್ಚಿತು. ಹೊಳೆಯು ಉತ್ತರಕ್ಕೆ ಸರಿದು ವಾಲ್ಬರ್ಸ್‌ವಿಕ್ ಕಡೆಯಲ್ಲಿ ಹೊಸ ದಾರಿಯನ್ನು ಹಿಡಿಯಿತು. ಊರನ್ನು ಕಡಲು ನುಂಗಿತೆಂದು ಹೇಳುವುದು ವಾಡಿಕೆಯಾದರೂ, ಮನೆಗಳು ಬಿದ್ದುದಕ್ಕಿಂತ ರೇವು ಮುಚ್ಚಿದುದೇ ಅದಕ್ಕೆ ಹೆಚ್ಚಿನ ಪೆಟ್ಟಾಯಿತು. ಮನೆ ಬಿದ್ದರೆ ಹಿಂದಕ್ಕೆ ಸರಿದು ಮತ್ತೊಂದನ್ನು ಕಟ್ಟಬಹುದು. ವ್ಯಾಪಾರವೇ ಇಲ್ಲದ ಮೇಲೆ ಕಟ್ಟುವವರಾರು?

೩

ಇನ್ನು ಆಧಾರಗಳ ವಿಚಾರ. ಮೊದಲನೆಯದು ಅರಸರ ಲೆಕ್ಕಪತ್ರಗಳು. ನಾರ್ಮಂಡಿಯ ವಿಲಿಯಮ್ ಇಂಗ್ಲೆಂಡನ್ನು ಗೆದ್ದ ೨೦ ವರ್ಷಗಳ ಮೇಲೆ, ೧೦೮೬ರಲ್ಲಿ, ದೇಶದ ಹಿಡುವಳಿಗಳನ್ನೆಲ್ಲ ವಿಚಾರಿಸಿ ಬರೆಯಿಸಿದ ಡೂಮ್ಸ್‌ಡೇ ಗ್ರಂಥದಲ್ಲಿ ಡನಿಚ್ ಕಾಣಿಸಿಕೊಳ್ಳುತ್ತದೆ. ಆಗ ಅದು ರಾಬರ್ಟ್ ಮ್ಯಾಲೆಟ್ ಎಂಬ ಸಾಮಂತನ ಕೈಯಲ್ಲಿದ್ದಿತು. ಹಿಂದಿನ ಅರಸನ ಕಾಲದಲ್ಲಿ ೧೨೦ ಮಂದಿ ಪೌರರು, ಒಂದು ಚರ್ಚು, ೧೦ ಪೌಂಡು ಉತ್ಪತ್ತಿ; ೧೦೮೬ರ ವೇಳೆಗೆ ೨೩೬ ಮಂದಿ ಪೌರರು, ೧೭೮ ಮಂದಿ ಬಡವರು, ಮೂರು ಚರ್ಚುಗಳು, ೫೦ ಪೌಂಡು ಹಣ, ಅದರ ಮೇಲೆ ೬೮,೦೦೦ ಹೆರಿಂಗ್ ಮೀನುಗಳು. ಇಪ್ಪತ್ತೇ ವರ್ಷಗಳಲ್ಲಿ ಊರು ಹೇಗೆ ಬೆಳೆಯಿತೆಂಬುದು ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ. ಇಲ್ಲಿ ಎಣಿಸಿರುವುದು ತೆರಿಗೆಗೆ ಸಂಬಂಧಪಟ್ಟ ಮನೆವಾರ್ತೆಯ ಯಜಮಾನರನ್ನೇ ಹೊರತು ಹೆಂಗಸರು ಮಕ್ಕಳು ಸಹಿತವಾದ ಜನಸಂಖ್ಯೆಯನ್ನಲ್ಲ ಎಂಬುದನ್ನು ಮರೆಯಬಾರದು.

ಅದೇ ದಾಖಲೆಯಲ್ಲಿ ಇನ್ನೊಂದು ಮಾತುಂಟು. ಉಳುವ ಭೂಮಿಯು ಹಿಂದೆ ಎರಡು ಕ್ಯಾರುಕೇಟು, ಎಂದರೆ ಎಂಟೆತ್ತಿನ ಎರಡು ನೇಗಿಲುಗಳಿಗೆ ಸಾಲುವಷ್ಟು, ಇದ್ದಿತೆಂದೂ, ಈಗ ಒಂದೇ ಉಳಿದಿದೆಯೆಂದೂ, ಮತ್ತೊಂದನ್ನು ಸಮುದ್ರವು ಒಯ್ದಿತೆಂದೂ ಕರಣಿಕನು ಬರೆದಿದ್ದಾನೆ. ಅವನಿಗೆ ಚರಿತ್ರೆಯನ್ನು ಬರೆಯುವ ಉದ್ದೇಶವಿರಲಿಲ್ಲ. ಶೋಕವನ್ನು ತೋರಿಸುವ ಉದ್ದೇಶವೂ ಇರಲಿಲ್ಲ. ಇಲ್ಲದ ನೆಲಕ್ಕೆ ತೆರಿಗೆ ಹಾಕಲಾಗದೆಂಬುದಷ್ಟೇ ಅವನ ಪ್ರಯೋಜನ. ಆದುದರಿಂದಲೇ ಆ ಮಾತಿಗೆ ಬೆಲೆ ಹೆಚ್ಚು. ಊರು ಉಚ್ಛ್ರಾಯಕ್ಕೆ ಬರುತ್ತಿದ್ದ ಕಾಲದಲ್ಲಿಯೇ ಅದರ ನೆಲವು ಕರಗುತ್ತಿದ್ದಿತೆಂಬ ಸಂಗತಿಯು ನಮಗೆ ತಿಳಿಯುವುದು ಈ ಒಂದು ಸಾಲಿನಿಂದ.

ಮುಂದೆ ೧೧೯೯ರಲ್ಲಿ ಜಾನ್ ದೊರೆಯು ಊರಿಗೆ ಸನ್ನದನ್ನು ಕೊಟ್ಟನು. ಅನಂತರದ ಕಾಲದಲ್ಲಿ ಪೌರರು ಅರಸನಿಗೆ ಬರೆದುಕೊಂಡ ಬಿನ್ನಹಗಳೂ, ವಾಲ್ಬರ್ಸ್‌ವಿಕ್, ಬ್ಲೈದ್‌ಬರೊ, ಸೌತ್‌ವೋಲ್ಡ್ ಜನರೊಡನೆ ರೇವಿನ ಸುಂಕಕ್ಕಾಗಿ ನಡೆದ ವ್ಯಾಜ್ಯಗಳೂ ಅನೇಕವಾಗಿ ಉಳಿದಿವೆ. ಊರು ಸುಖವಾಗಿದ್ದಾಗ ಯಾರೂ ಏನನ್ನೂ ಬರೆಯುವುದಿಲ್ಲ. ಜಗಳವಾದಾಗ ಎಲ್ಲರೂ ಬರೆಯುತ್ತಾರೆ. ಗ್ರಾಮಚರಿತ್ರೆಯನ್ನು ಹುಡುಕುವವನಿಗೆ ವ್ಯಾಜ್ಯದಷ್ಟು ಉಪಕಾರಿಯಾದುದು ಮತ್ತೊಂದಿಲ್ಲ. ಆದರೆ ಬಿನ್ನಹವನ್ನು ಓದುವಾಗ ಬರೆದವನ ಇಷ್ಟಾರ್ಥವನ್ನು ನೆನೆಯಬೇಕು. ಸಮುದ್ರದ ಹಾವಳಿಯಿಂದ ಕಂದಾಯವನ್ನು ಇಳಿಸಬೇಕೆಂದು ಬೇಡುವವನು ತನ್ನ ನಷ್ಟವನ್ನು ಕುಗ್ಗಿಸಿ ಹೇಳನು. ನೈಯಾಯಿಕರು ಶಬ್ದವನ್ನು ಪ್ರಮಾಣವೆಂದುದು ಆಪ್ತನ ಮಾತಾದಾಗ ಮಾತ್ರ. ಫಲಾಪೇಕ್ಷೆಯುಳ್ಳವನು ಆ ವಿಷಯದಲ್ಲಿ ಆಪ್ತನಾಗಲಾರನು. ಆದಕಾರಣ ಬಿನ್ನಹದಿಂದ ನಷ್ಟವಾಯಿತೆಂಬುದನ್ನು ಗ್ರಹಿಸಬಹುದು. ನಷ್ಟದ ಪ್ರಮಾಣವನ್ನು ಬೇರೆ ಕಡೆಯಿಂದ ನಿರ್ಣಯಿಸಬೇಕು.

ಹಾಗೆ ನಿರ್ಣಯಿಸಲು ನೆರವಾಗುವುದು ಊರಿನವರು ತಮ್ಮ ಬಳಕೆಗೆ ತಾವೇ ಬರೆದಿಟ್ಟ ಲೆಕ್ಕ. ಡನಿಚ್ ಊರಿನ ಆಡಳಿತಗಾರರಾದ ಬೇಲಿಫರು ೧೪೦೪ರಿಂದ ೧೪೩೦ರ ವರೆಗೆ ಇಟ್ಟಿದ್ದ ಪುಸ್ತಕವು ದೈವವಶದಿಂದ ಉಳಿದಿದೆ. ಅದನ್ನು ಮಾರ್ಕ್ ಬೈಲಿ ಎಂಬ ವಿದ್ವಾಂಸರು ಸಂಪಾದಿಸಿ, ಸಫೋಕ್ ದಾಖಲೆಗಳ ಸಂಘದ ಮೂಲಕ ೧೯೯೨ರಲ್ಲಿ ಪ್ರಕಟಿಸಿದರು. ದೋಣಿಗಳಿಂದ ಬಂದ ಹಣ, ತೆರಿಗೆ ಕೊಟ್ಟವರ ಪಟ್ಟಿ, ಊರಿನ ಖರ್ಚು ಇವೇ ಅದರಲ್ಲಿ ತುಂಬಿವೆ. ೧೩೨೮ರಲ್ಲಿ ರೇವು ಮುಚ್ಚಿದೊಡನೆ ಊರು ಸತ್ತಿತೆಂದು ತಿಳಿದವರು ಈ ಪುಸ್ತಕವನ್ನು ನೋಡಬೇಕು. ಒಂದು ಶತಮಾನ ಕಳೆದ ಮೇಲೂ ಅಲ್ಲಿಯ ದೋಣಿಗಳು ಮೀನಿಗೆ ಹೋಗುತ್ತಿದ್ದುವು. ಜನರು ತೆರಿಗೆಯನ್ನು ಕೊಡುತ್ತಿದ್ದರು. ಪ್ರಳಯದಂತೆ ಒಂದು ರಾತ್ರಿಯಲ್ಲಿ ನಡೆದುದೆಂದು ಕಥೆಯು ಹೇಳುವುದು ವಾಸ್ತವದಲ್ಲಿ ಹತ್ತು ತಲೆಮಾರುಗಳಿಗೂ ಹೆಚ್ಚು ಕಾಲದ ಸವೆತ.

೪

ಎರಡನೆಯ ಆಧಾರವು ಪ್ಯಾರಿಷಿನ ಪೆಟ್ಟಿಗೆ. ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲನು ೧೫೩೮ರಲ್ಲಿ, ಪ್ರತಿಯೊಂದು ಪ್ಯಾರಿಷಿನಲ್ಲಿಯೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಒಂದು ಪುಸ್ತಕದಲ್ಲಿ ಬರೆದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕೆಂದು ಆಜ್ಞೆ ಮಾಡಿದನು. ೧೫೯೮ರಲ್ಲಿ ಅವುಗಳನ್ನು ಚರ್ಮಪತ್ರದ ಮೇಲೆ ನಕಲು ಮಾಡಿಸಬೇಕೆಂದೂ ವರ್ಷಕ್ಕೊಮ್ಮೆ ಬಿಷಪ್ಪನಿಗೆ ಪ್ರತಿಯನ್ನು ಕಳುಹಬೇಕೆಂದೂ ಕಟ್ಟಳೆಯಾಯಿತು. ೧೬೦೧ರ ಬಡವರ ಕಾಯಿದೆಯ ತರುವಾಯ ಬಡವರಿಗೆ ಕೊಟ್ಟ ಕಾಸು ಬಟ್ಟೆಗಳ ಲೆಕ್ಕವೂ ಆ ಪೆಟ್ಟಿಗೆಯನ್ನು ಸೇರಿತು. ಅರಸರ ವಂಶಾವಳಿಯಲ್ಲಿ ಹೆಸರಿಲ್ಲದ ಬೆಸ್ತರವನು, ಕೂಲಿಯವಳು, ಅನಾಥ ಮಗು ಇವರೆಲ್ಲರ ಹೆಸರುಗಳು ಚರಿತ್ರೆಗೆ ಬಂದುದು ಈ ಪುಸ್ತಕಗಳಿಂದಲೇ. ಇಂಗ್ಲೆಂಡಿನ ಯಾವ ಗ್ರಾಮದ ಚರಿತ್ರೆಯನ್ನು ಬರೆಯುವವರೂ ಮೊದಲು ಕೈಹಾಕುವುದು ಇವುಗಳಿಗೆ.

ಆದರೆ ಡನಿಚ್ ವಿಷಯದಲ್ಲಿ ಈ ಮಾರ್ಗವು ಬಹುದೂರ ಒಯ್ಯುವುದಿಲ್ಲ. ಆ ಊರಿನ ಪ್ಯಾರಿಷುಗಳಲ್ಲಿ ಹೆಚ್ಚಿನವು ೧೫೩೮ಕ್ಕೆ ಮೊದಲೇ ಕಡಲನ್ನು ಸೇರಿದ್ದುವು. ಹುಟ್ಟುಸಾವುಗಳ ಪುಸ್ತಕವು ಹುಟ್ಟುವುದಕ್ಕೆ ಮುಂಚೆಯೇ ಆ ಪ್ಯಾರಿಷುಗಳು ಸತ್ತಿದ್ದುವು. ಪುಸ್ತಕದ ಕಾಲಕ್ಕೆ ಉಳಿದು ಬಾಳಿದವು ಸೇಂಟ್ ಪೀಟರ್, ಆಲ್ ಸೇಂಟ್ಸ್ ಎಂಬ ಎರಡೇ ಎನ್ನಬೇಕು. ಉಳಿದ ಕೇರಿಗಳಲ್ಲಿ ಬಾಳಿದವರ ಹೆಸರುಗಳು ತೆರಿಗೆಯ ಪಟ್ಟಿಯಲ್ಲಿಯೋ ವ್ಯಾಜ್ಯದ ಕಾಗದದಲ್ಲಿಯೋ ಸಿಕ್ಕಿದರೆ ಸಿಕ್ಕಿದುವು.

ಕಾಲನಿರ್ಣಯದ ವಿಷಯದಲ್ಲಿಯೂ ಒಂದು ಎಚ್ಚರಿಕೆಯು ಅವಶ್ಯಕ. ಇಂಗ್ಲೆಂಡಿನಲ್ಲಿ ೧೭೫೨ರ ಸುಧಾರಣೆಗೆ ಹಿಂದೆ ಹಲವು ಶತಮಾನಗಳ ಕಾಲ ಹೊಸ ವರ್ಷವು ಮಾರ್ಚಿ ೨೫ಕ್ಕೆ ಮೊದಲಾಗುತ್ತಿದ್ದಿತು. ಆದುದರಿಂದ ನಾವು ೧೩೨೮ರ ಜನವರಿಯೆನ್ನುವುದು ಆ ಎಣಿಕೆಯಲ್ಲಿ ೧೩೨೭ರ ಜನವರಿ. ಮೇಲಾಗಿ ಆ ಕಾಲದ ಪತ್ರಗಳಲ್ಲಿ, ನಮ್ಮ ಶಾಸನಗಳಲ್ಲಿರುವಂತೆಯೇ, ಅರಸನ ಆಳಿಕೆಯ ವರ್ಷವನ್ನು ಹೇಳುವುದು ರೂಢಿ. ಮೂರನೆಯ ಎಡ್ವರ್ಡನ ಆಳಿಕೆಯು ೧೩೨೭ರ ಜನವರಿ ೨೫ರಂದು ಆರಂಭವಾದುದರಿಂದ, ರೇವನ್ನು ಮುಚ್ಚಿದ ಬಿರುಗಾಳಿಯು ಅವನ ಮೊದಲನೆಯ ವರ್ಷದ ಕೊನೆಯ ಹತ್ತು ಹನ್ನೊಂದು ದಿನಗಳೊಳಗೆ ಬೀಳುತ್ತದೆ. ಮೊದಲನೆಯ ವರ್ಷವೆಂಬುದನ್ನು ಕಂಡೊಡನೆ ೧೩೨೭ ಎಂದು ಬರೆದುಕೊಂಡವನು ಒಂದು ವರ್ಷ ತಪ್ಪುತ್ತಾನೆ. ಒಂದು ಬಿರುಗಾಳಿಯನ್ನು ಎರಡೆಂದು ಎಣಿಸುವ ಪ್ರಮಾದವು ಹೀಗೆಯೇ ಹುಟ್ಟುತ್ತದೆ. ಪಂಚಾಂಗವನ್ನು ಬಲ್ಲ ನಮ್ಮ ಪಂಡಿತರಿಗೆ ಈ ತೊಡಕು ಹೊಸದಲ್ಲ.

೫

ಮೂರನೆಯ ಆಧಾರವು ಕಂಡವರ ಬರೆಹ. ಇಲ್ಲಿ ಒಬ್ಬ ಮಹನೀಯನ ಹೆಸರನ್ನು ಗೌರವದಿಂದ ಹೇಳಬೇಕಾಗಿದೆ. ಥಾಮಸ್ ಗಾರ್ಡ್ನರ್ ಎಂಬಾತನು ಸೌತ್‌ವೋಲ್ಡಿನಲ್ಲಿ ಉಪ್ಪಿನ ಸುಂಕದ ಅಧಿಕಾರಿಯಾಗಿದ್ದನು. ತನ್ನ ಉದ್ಯೋಗವನ್ನು ನಡೆಸುತ್ತಲೇ ಸುತ್ತಣ ಊರುಗಳ ಹಳೆಯ ಪತ್ರಗಳನ್ನೂ ನಾಣ್ಯಗಳನ್ನೂ ಮುದ್ರೆಗಳನ್ನೂ ಸಂಗ್ರಹಿಸಿದನು. ೧೭೪೦ರ ಡಿಸೆಂಬರಿನಲ್ಲಿ ಈಶಾನ್ಯದ ಗಾಳಿಗೆ ಉಕ್ಕಿದ ಸಮುದ್ರವು ಡನಿಚ್ ದಂಡೆಯ ಮಣ್ಣನ್ನು ಕೊಚ್ಚಿಕೊಂಡು ಹೋದಾಗ, ಎಂದೋ ಹೂತುಹೋಗಿದ್ದ ಸೇಂಟ್ ನಿಕೊಲಾಸ್ ಚರ್ಚಿನ ತಳಹದಿ, ಅದರ ಅಂಗಳದ ಗೋರಿಗಳು, ಅಸ್ಥಿಗಳು, ನೀರಿನ ಕೊಳವೆಗಳು ಬಯಲಿಗೆ ಬಂದುವು. ಮುಂದಿನ ಅಲೆಗಳು ಅವುಗಳನ್ನು ಅಳಿಸುವುದಕ್ಕೆ ಮೊದಲು ಗಾರ್ಡ್ನರನು ಅವುಗಳ ವಿವರವನ್ನು ಬರೆದಿಟ್ಟುಕೊಂಡನು. ೧೭೫೪ರಲ್ಲಿ ಡನಿಚ್, ಬ್ಲೈದ್‌ಬರೊ, ಸೌತ್‌ವೋಲ್ಡ್ ಈ ಮೂರು ಊರುಗಳ ಚರಿತ್ರೆಯನ್ನು ಅಚ್ಚುಹಾಕಿಸಿದನು.

ಅವನು ಮಾಡಿದ ಉಪಕಾರವು ಮತ್ತೊಂದು ಉಂಟು. ರಾಲ್ಫ್ ಏಗಸ್ ಎಂಬ ಮೋಜಣಿದಾರನು ೧೫೮೭ರಲ್ಲಿ ಡನಿಚ್ ಊರನ್ನು ಅಳೆದು ಒಂದು ನಕ್ಷೆಯನ್ನು ಬರೆದಿದ್ದನು. ಆಗ ಊರಿನ ಬಹುಭಾಗವು ಹೋಗಿದ್ದರೂ, ಉಳಿದ ಬೀದಿಗಳೂ ಚರ್ಚುಗಳೂ ಮಾರುಕಟ್ಟೆಯ ಸ್ಥಳವೂ ಅದರಲ್ಲಿ ಅಂದಿನ ನೆಲೆಯಂತೆ ಕಾಣುತ್ತಿದ್ದುವು. ಗಾರ್ಡ್ನರನು ಈ ನಕ್ಷೆಯನ್ನು ಕೆತ್ತಿಸಿ ತನ್ನ ಗ್ರಂಥದಲ್ಲಿ ಸೇರಿಸಿದನು. ಅವನ ಕಾಲಕ್ಕೆ ಆ ಬೀದಿಗಳಲ್ಲಿ ಬಹಳವು ನೀರಿನಡಿಯಲ್ಲಿದ್ದುವು. ಇಲ್ಲದ ಬೀದಿಗಳ ಚಿತ್ರದಿಂದ ಪ್ರಯೋಜನವೇನೆಂದು ಅವನ ನೆರೆಯವರು ಕೇಳಿದ್ದರೆ ಏನು ಹೇಳುತ್ತಿದ್ದನೋ! ಅದರ ಪ್ರಯೋಜನವು ತಿಳಿಯಲು ಇನ್ನೂರೈವತ್ತು ವರ್ಷಗಳು ಹಿಡಿದುವು.

ಗಾರ್ಡ್ನರನ ಎಲ್ಲ ಮಾತುಗಳನ್ನೂ ಒಂದೇ ತೂಕದಲ್ಲಿ ಇಡಲಾಗದು. ಅವನ ಗ್ರಂಥದಲ್ಲಿ ತಾನು ಕಂಡುದು, ಪತ್ರದಲ್ಲಿ ಓದಿದುದು, ಮುದುಕರಿಂದ ಕೇಳಿದುದು ಎಂಬ ಮೂರು ಬಗೆಗಳುಂಟು. ಮೊದಲನೆಯದು ಪ್ರತ್ಯಕ್ಷ, ಎರಡನೆಯದು ಪತ್ರವು ಎಷ್ಟು ಶುದ್ಧವೋ ಅಷ್ಟು ಶುದ್ಧ, ಮೂರನೆಯದು ಐತಿಹ್ಯ. ಐತಿಹ್ಯವನ್ನು ಪೌರಾಣಿಕರು ಬೇರೊಂದು ಪ್ರಮಾಣವೆಂದು ಎಣಿಸುತ್ತಾರೆ. ಹೇಳಿದವನು ಯಾರೆಂದು ತಿಳಿಯದ ಮಾತನ್ನು ನೈಯಾಯಿಕರು ಹಾಗೆ ಒಪ್ಪುವುದಿಲ್ಲ. ಚರಿತ್ರಕಾರನು ಈ ವಿಷಯದಲ್ಲಿ ನೈಯಾಯಿಕರ ಪಕ್ಷವನ್ನು ಹಿಡಿಯುವುದೇ ಕ್ಷೇಮ.

೬

ನಾಲ್ಕನೆಯ ಆಧಾರವು ನೆಲ. ಇಲ್ಲಿ ನೆಲವೆಂದರೆ ಬಹುಪಾಲು ಕಡಲಿನ ತಳ. ದಂಡೆಯ ಮೇಲೆ ಉಳಿದಿರುವುದು ಸ್ವಲ್ಪವೇ. ೧೨೮೬ರ ಬಿರುಗಾಳಿಯ ತರುವಾಯ, ೧೨೯೦ರಲ್ಲಿ ಒಳಗಿನ ನೆಲಕ್ಕೆ ಸರಿದು ಕಟ್ಟಿಕೊಂಡ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠವು ೧೫೩೮ರಲ್ಲಿ ಮುಚ್ಚಿಹೋದರೂ ಅದರ ಗೋಡೆಗಳು ನಿಂತಿವೆ. ಕುಷ್ಠರೋಗಿಗಳ ಆಸ್ಪತ್ರೆಗೆ ಸೇರಿದ್ದ ಹನ್ನೆರಡನೆಯ ಶತಮಾನದ ಪ್ರಾರ್ಥನಾಮಂದಿರದ ಒಂದು ತುಣುಕು, ೧೮೩೨ರಲ್ಲಿ ಮುಗಿದ ಹೊಸ ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿದೆ. ರೋಗಿಗಳನ್ನು ಊರಿನಿಂದ ದೂರ, ಕಡಲಿಗೆ ವಿಮುಖವಾಗಿ ಇಟ್ಟಿದ್ದುದರಿಂದ ಅವರ ಗುಡಿಯು ಉಳಿಯಿತು. ಸಿರಿವಂತ ವರ್ತಕರು ರೇವಿನ ಬಳಿ ಕಟ್ಟಿಸಿದುವು ಹೋದುವು.

ಆಲ್ ಸೇಂಟ್ಸ್ ಚರ್ಚಿನ ಪತನವನ್ನು ಛಾಯಾಚಿತ್ರಗಳೇ ಹೇಳುತ್ತವೆ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಅಲ್ಲಿ ಪೂಜೆಯು ನಿಂತಿತು. ೧೯೦೪ರಲ್ಲಿ ದಂಡೆಯ ಅಂಚು ಅದರ ಗೋಡೆಯನ್ನು ಮುಟ್ಟಿತು. ಮುಂದಿನ ವರ್ಷಗಳಲ್ಲಿ ಕಂಬದ ಮೇಲೆ ಕಂಬವು ಜಾರಿ, ೧೯೧೯ರಲ್ಲಿ ಗೋಪುರವು ಬಿದ್ದಿತು. ಗೋಪುರದ ಒಂದು ಊರೆಗೋಡೆಯನ್ನು ಮಾತ್ರ ಕಳಚಿ ಸೇಂಟ್ ಜೇಮ್ಸ್ ಅಂಗಳಕ್ಕೆ ತಂದು ನಿಲ್ಲಿಸಿದರು.

ಇನ್ನು ನೀರಿನಡಿಯ ಶೋಧನೆ. ಸ್ಟೂಅರ್ಟ್ ಬೇಕನ್ ಎಂಬವರು ೧೯೭೧ರಿಂದ ಮುಳುಗುಗಾರರೊಡನೆ ಇಳಿದು ಆಲ್ ಸೇಂಟ್ಸ್ ಚರ್ಚಿನ ಅವಶೇಷಗಳನ್ನು ಪತ್ತೆಮಾಡಿದರು. ಅಲ್ಲಿಯ ನೀರು ಕೆಸರಿನಿಂದ ಕದಡಿರುವುದರಿಂದ ಕಣ್ಣು ಕಾಣುವುದಿಲ್ಲ. ಕೈಯಿಂದ ತಡವಿ ಕಲ್ಲನ್ನು ಗುರುತಿಸಬೇಕು. ೨೦೦೮ರಿಂದ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಆಚಾರ್ಯರಾದ ಡೇವಿಡ್ ಸಿಯರ್ ಅವರು ಬೇಕನ್ ಮುಂತಾದವರೊಡನೆ ಸೇರಿ ಬೇರೆ ಮಾರ್ಗವನ್ನು ಹಿಡಿದರು. ದೋಣಿಯಿಂದ ಶಬ್ದತರಂಗಗಳನ್ನು ನೀರಿನೊಳಗೆ ಬಿಟ್ಟು, ತಳಕ್ಕೆ ತಾಕಿ ಹಿಂದಿರುಗುವ ಪ್ರತಿಧ್ವನಿಯಿಂದ ತಳದ ರೂಪವನ್ನು ಬರೆಯುವುದೇ ಆ ಮಾರ್ಗ. ಕಣ್ಣಿಗೆ ಕಾಣದುದನ್ನು ಕಿವಿಯಿಂದ ಕಂಡರೆನ್ನಬಹುದು. ಹೀಗೆ ದೊರೆತ ಕಲ್ಲುಗುಪ್ಪೆಗಳನ್ನು ಏಗಸನ ೧೫೮೭ರ ನಕ್ಷೆಯ ಮೇಲೆ ಹೊಂದಿಸಿ ನೋಡಿದಾಗ, ಸೇಂಟ್ ಪೀಟರ್, ಸೇಂಟ್ ನಿಕೊಲಾಸ್, ಸೇಂಟ್ ಕ್ಯಾಥರಿನ್ ಮಂದಿರ ಮುಂತಾದವುಗಳ ನೆಲೆಯು ಗೊತ್ತಾಯಿತು. ೨೦೧೩ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮುಳುಗಿದ ಪಟ್ಟಣದ ವಿಸ್ತಾರವು ಸುಮಾರು ೧.೮ ಚದರ ಕಿಲೋಮೀಟರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಯಂತ್ರವು ಕಲ್ಲುಗಳನ್ನು ತೋರಿಸಿತು. ಅವು ಸೇಂಟ್ ಪೀಟರ್ ಚರ್ಚಿನ ಕಲ್ಲುಗಳೆಂದು ಹೇಳಿದುದು ನಕ್ಷೆ. ನಕ್ಷೆಯಿಲ್ಲದಿದ್ದರೆ ಅವು ಬರಿಯ ಕಲ್ಲುಗುಪ್ಪೆಗಳು. ಯಂತ್ರವಿಲ್ಲದಿದ್ದರೆ ನಕ್ಷೆಯು ಬರಿಯ ಗೆರೆಗಳು. ಪ್ರತ್ಯಕ್ಷವೂ ಶಬ್ದವೂ ಒಂದನ್ನೊಂದು ಕೈಹಿಡಿದಾಗ ಮಾತ್ರ ನಿರ್ಣಯವು ಸಿದ್ಧಿಸಿತು. ಆ ನಕ್ಷೆಯನ್ನು ಇಂದಿನವರ ಕೈಗೆ ಮುಟ್ಟಿಸಿದವನು ಉಪ್ಪಿನ ಸುಂಕದ ಅಧಿಕಾರಿ.

೭

ಬರೆಹವೊಂದನ್ನೇ ನಂಬಿದರೆ ಆಗುವ ಮೋಸಕ್ಕೂ ಡನಿಚ್ ಊರೇ ನಿದರ್ಶನ. ೧೨೯೮ರಿಂದ ಅದು ಪಾರ್ಲಿಮೆಂಟಿಗೆ ಇಬ್ಬರು ಪ್ರತಿನಿಧಿಗಳನ್ನು ಕಳುಹುವ ಹಕ್ಕನ್ನು ಪಡೆದಿದ್ದಿತು. ಬೀದಿಗಳು ಹೋದುವು, ಚರ್ಚುಗಳು ಹೋದುವು. ಹಕ್ಕು ಮಾತ್ರ ಹೋಗಲಿಲ್ಲ. ೧೮೩೨ರ ಸುಧಾರಣಾ ಶಾಸನವು ಅದನ್ನು ಕಿತ್ತುಹಾಕುವ ವೇಳೆಗೆ ಮತದಾರರ ಸಂಖ್ಯೆಯು ೩೨ಕ್ಕೆ ಇಳಿದಿದ್ದಿತು. ಊರಿನ ಪುರಸಭೆಯಂತೂ ೧೮೮೬ರ ವರೆಗೆ ಬದುಕಿದ್ದಿತು. ಪಾರ್ಲಿಮೆಂಟಿನ ದಾಖಲೆಗಳನ್ನು ಮಾತ್ರ ಓದಿದವನು ಹದಿನೆಂಟನೆಯ ಶತಮಾನದ ಡನಿಚ್ ಒಂದು ದೊಡ್ಡ ಪಟ್ಟಣವೆಂದು ತಿಳಿದಾನು. ಕಾಗದದಲ್ಲಿ ಊರುಂಟು, ನೆಲದಲ್ಲಿ ಊರಿಲ್ಲ.

ಹೆಸರಿನ ಸಾದೃಶ್ಯವನ್ನು ನಂಬುವುದೂ ಅಪಾಯವೇ. ಏಳನೆಯ ಶತಮಾನದಲ್ಲಿ ಫೀಲಿಕ್ಸ್ ಎಂಬ ಬಿಷಪ್ಪನಿಗೆ ಪೂರ್ವ ಆಂಗ್ಲರ ದೇಶದಲ್ಲಿ ಡೊಮ್ಮೊಕ್ ಎಂಬ ಸ್ಥಳದಲ್ಲಿ ಪೀಠವು ದೊರೆಯಿತೆಂದು ೭೩೧ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡನು ತಿಳಿಸುತ್ತಾನೆ. ಡೊಮ್ಮೊಕ್ ಎಂಬುದೇ ಡನಿಚ್ ಎಂದು ಬಹುಕಾಲದಿಂದ ನಂಬಿದ್ದರು. ಊರಿನ ಪ್ರತಿಷ್ಠೆಗೆ ಅದು ಆಧಾರವೂ ಆಗಿದ್ದಿತು. ರಿಗೋಲ್ಡ್ ಎಂಬ ವಿದ್ವಾಂಸರು ೧೯೬೧ರಲ್ಲಿ ಈ ಮತವನ್ನು ಪರೀಕ್ಷಿಸಿ, ದಕ್ಷಿಣದಲ್ಲಿ ಫೀಲಿಕ್ಸ್‌ಸ್ಟೋ ಬಳಿಯಿದ್ದ ವಾಲ್ಟನ್ ಎಂಬ ರೋಮನ್ ಕೋಟೆಯೇ ಡೊಮ್ಮೊಕ್ ಆಗಿರಬೇಕೆಂದು ವಾದಿಸಿದರು. ಆ ಕೋಟೆಯೂ ಕಡಲಿನ ಪಾಲಾಗಿದೆ! ವಾದಿ ಪ್ರತಿವಾದಿಗಳಿಬ್ಬರ ಸಾಕ್ಷಿಗಳನ್ನೂ ಸಮುದ್ರವೇ ಇಟ್ಟುಕೊಂಡಿರುವಾಗ ತೀರ್ಪನ್ನು ಕೊಡದಿರುವುದೇ ನ್ಯಾಯ. ಹೆಸರಿನ ಎರಡು ಅಕ್ಷರಗಳು ಹೋಲುವುವೆಂಬಷ್ಟರಿಂದ ಸ್ಥಳವನ್ನು ನಿರ್ಣಯಿಸುವ ಚಪಲವು ಸಂಶೋಧಕನಿಗೆ ತಕ್ಕುದಲ್ಲ.

೮

ಈಗ ಐವತ್ತೆರಡರ ಪ್ರಶ್ನೆಗೆ ಬರೋಣ. ಪತ್ರಗಳಿಂದ ಹೆಸರು ಸಹಿತ ತಿಳಿದಿರುವ ಪ್ಯಾರಿಷ್ ಚರ್ಚುಗಳು ಎಂಟು: ಸೇಂಟ್ ಲಿಯೊನಾರ್ಡ್, ಸೇಂಟ್ ಜಾನ್, ಸೇಂಟ್ ಮಾರ್ಟಿನ್, ಸೇಂಟ್ ನಿಕೊಲಾಸ್, ಸೇಂಟ್ ಪೀಟರ್, ಸೇಂಟ್ ಮೈಕೇಲ್, ಸೇಂಟ್ ಬಾರ್ತೊಲೊಮ್ಯೂ, ಆಲ್ ಸೇಂಟ್ಸ್. ಇವಲ್ಲದೆ ಸಂನ್ಯಾಸಿಗಳ ಎರಡು ಮಠಗಳು, ಟೆಂಪ್ಲರರೆಂಬ ಯೋಧಸಂನ್ಯಾಸಿಗಳ ಮನೆ, ಎರಡು ಆಸ್ಪತ್ರೆಗಳ ಮಂದಿರಗಳು, ಕೆಲವು ಸಣ್ಣ ಪ್ರಾರ್ಥನಾಮಂದಿರಗಳು. ಎಲ್ಲವನ್ನೂ ಕೂಡಿಸಿದರೂ ಇಪ್ಪತ್ತನ್ನು ಮುಟ್ಟುವುದಿಲ್ಲ.

ಉಳಿದ ಮೂವತ್ತಕ್ಕೂ ಮೇಲ್ಪಟ್ಟವುಗಳ ಪತ್ರಗಳು ನಾಶವಾಗಿರಬಹುದಲ್ಲವೆ ಎಂದು ಆಕ್ಷೇಪಿಸಬಹುದು. ನೆರೆಯ ನಾರಿಚ್ ನಗರದಲ್ಲಿ ಐವತ್ತಕ್ಕೆ ಮೇಲ್ಪಟ್ಟ ಚರ್ಚುಗಳಿದ್ದುದು ನಿಜವಾದುದರಿಂದ ಸಂಖ್ಯೆಯು ಅಸಂಭಾವ್ಯವೂ ಅಲ್ಲ. ಇದಕ್ಕೆ ಸಮಾಧಾನವನ್ನು ಭಾಟ್ಟ ಮೀಮಾಂಸಕರ ಅನುಪಲಬ್ಧಿಯ ವಿಚಾರದಿಂದ ಹೇಳಬಹುದು. ಕಾಣಲಿಲ್ಲವೆಂಬಷ್ಟರಿಂದ ಇಲ್ಲವೆಂದು ಸಿದ್ಧಿಸದು. ಕತ್ತಲೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಲಾಗದು. ಇದ್ದಿದ್ದರೆ ಕಂಡೇ ತೀರಬೇಕಾದ ಎಡೆಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆಂಬ ಜ್ಞಾನವು ಪ್ರಮಾಣವಾಗುತ್ತದೆ. ಹಾಗಾದರೆ ಡನಿಚ್ ಚರ್ಚುಗಳು ಕಂಡೇ ತೀರಬೇಕಾದ ಎಡೆ ಯಾವುದು? ಡೂಮ್ಸ್‌ಡೇ ಗ್ರಂಥದಲ್ಲಿ ಕಂಡ ರಾಬರ್ಟ್ ಮ್ಯಾಲೆಟನು ಐ ಎಂಬ ಊರಿನಲ್ಲಿ ಒಂದು ಮಠವನ್ನು ಸ್ಥಾಪಿಸಿ, ಡನಿಚ್ಚಿನ ಚರ್ಚುಗಳನ್ನು ಅದಕ್ಕೆ ದಾನ ಮಾಡಿದನು. ಚರ್ಚು ಎಂದರೆ ಆದಾಯ. ಆದಾಯವಿದ್ದ ಕಡೆ ದಾನಪಡೆದವನು ಬರೆದಿಡದೆ ಬಿಡುವನೆ? ಆ ಮಠದ ದಾನಪತ್ರಗಳ ಸಂಗ್ರಹವು ಉಳಿದು ಅಚ್ಚಾಗಿದೆ. ನಾರಿಚ್ ಬಿಷಪ್ಪರು ಪಾದ್ರಿಗಳನ್ನು ನೇಮಿಸಿದ ಪುಸ್ತಕಗಳೂ ೧೨೯೯ರಿಂದ ಇವೆ. ಐವತ್ತೆರಡು ಚರ್ಚುಗಳು ಅಲ್ಲಿದ್ದಿದ್ದರೆ ಅವುಗಳ ಹೆಸರುಗಳು ಈ ಪತ್ರಗಳಲ್ಲಿ ಸುಳಿಯದೆ ಇರುತ್ತಿರಲಿಲ್ಲ. ಸುಳಿದಿರುವುವು ಮೇಲೆ ಹೇಳಿದ ಕೆಲವೇ. ಆದಕಾರಣ ಐವತ್ತೆರಡೆಂಬುದು ಎಣಿಸಿದ ಸಂಖ್ಯೆಯಲ್ಲ. ಕಳೆದುಹೋದುದನ್ನು ನೆನೆದು ಬೆಳೆಸಿದ ಸಂಖ್ಯೆ.

ಬಿರುಗಾಳಿಯ ರಾತ್ರಿ ಕಡಲಿನೊಳಗಿಂದ ಚರ್ಚುಗಳ ಗಂಟೆಗಳು ಕೇಳಿಸುವುವೆಂಬ ಕಥೆಯೂ ಇಂತಹುದೇ. ಸೇಂಟ್ ಪೀಟರ್ ಚರ್ಚು ಬೀಳುವ ಕಾಲವು ಹತ್ತಿರವಾದಾಗ, ಹದಿನೇಳನೆಯ ಶತಮಾನದ ಕೊನೆಯಲ್ಲಿ, ಬೆಲೆಬಾಳುವ ಪದಾರ್ಥಗಳನ್ನೆಲ್ಲ ಅದರಿಂದ ಮೊದಲೇ ತೆಗೆದರು. ಒಂದೊಂದು ಮಾರು ನೆಲವನ್ನು ಕಳೆದುಕೊಳ್ಳುತ್ತಿದ್ದ ಬಡ ಊರು ಕಂಚಿನ ಗಂಟೆಯನ್ನು ಸಮುದ್ರಕ್ಕೆ ಬಿಟ್ಟುಕೊಡುವಷ್ಟು ಉದಾರವಾಗಿರಲಿಲ್ಲ.

ಹೀಗೆಂದು ಐತಿಹ್ಯವನ್ನು ಕೇವಲ ಸುಳ್ಳೆಂದು ತಳ್ಳಿಬಿಡುವುದು ನನ್ನ ಅಭಿಪ್ರಾಯವಲ್ಲ. ದ್ವಾರಕೆಯು ಮುಳುಗಿದ ಕಥೆಯನ್ನು ಬಾಲ್ಯದಿಂದ ಕೇಳಿದ ನಮಗೆ ಅದರ ಮೋಹವು ತಿಳಿದೇ ಇದೆ. ಐವತ್ತೆರಡು ಚರ್ಚುಗಳ ಮಾತಿನಿಂದ ಅಲ್ಲಿ ಎಷ್ಟು ಚರ್ಚುಗಳಿದ್ದುವೆಂಬುದು ತಿಳಿಯುವುದಿಲ್ಲ. ಅವುಗಳನ್ನು ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ತಮ್ಮ ಊರನ್ನು ಎಷ್ಟು ದೊಡ್ಡದೆಂದು ನೆನೆದರೆಂಬುದು ತಿಳಿಯುತ್ತದೆ. ಅದೂ ಚರಿತ್ರೆಯ ವಸ್ತುವೇ. ಆದರೆ ಅದನ್ನು ಚರ್ಚುಗಳ ಲೆಕ್ಕದಲ್ಲಿ ಬರೆಯಬಾರದು; ಜನರ ಮನಸ್ಸಿನ ಲೆಕ್ಕದಲ್ಲಿ ಬರೆಯಬೇಕು. ನಾನು ಸಭೆಯಲ್ಲಿ ಮಾಡಿದ ತಪ್ಪು ಇದೇ.

ಆದುದರಿಂದ ಅಂದು ಆಡಿದ ಮಾತನ್ನು ಈ ಲೇಖನದ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಎಣಿಸಿದವರು ಯಾರೆಂದು ಕೇಳಿದ ವಿದ್ಯಾರ್ಥಿಗೆ ನನ್ನ ಉತ್ತರವಿಷ್ಟು: ಐವತ್ತೆರಡನ್ನು ಎಣಿಸಿದವರು ಯಾರೂ ಇಲ್ಲ. ಒಬ್ಬ ಕರಣಿಕನು ಮೂರನ್ನು ಎಣಿಸಿದನು. ಒಬ್ಬ ಮೋಜಣಿದಾರನು ತನ್ನ ಕಣ್ಣೆದುರಿಗೆ ಉಳಿದಿದ್ದುದನ್ನು ಅಳೆದನು. ಒಬ್ಬ ಸುಂಕದ ಅಧಿಕಾರಿಯು ಅಲೆಯು ಮರಳಿ ಬರುವುದರೊಳಗೆ ಗೋರಿಗಳನ್ನು ಬರೆದುಕೊಂಡನು. ಇವರಲ್ಲಿ ಯಾರೂ ತಾನು ಕಂಡುದಕ್ಕಿಂತ ಹೆಚ್ಚನ್ನು ಹೇಳಲಿಲ್ಲವಾದುದರಿಂದಲೇ ನೆಲವು ಹೋದರೂ ಊರಿನ ಚರಿತ್ರೆಯು ಉಳಿಯಿತು. ಈ ಬರೆಹದಲ್ಲಿ ಪ್ರಮಾದಗಳು ಉಳಿದಿದ್ದರೆ ವಾಚಕರು ಆ ವಿದ್ಯಾರ್ಥಿಯಂತೆಯೇ ಕೇಳಿ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.